120 ಡೋಸ್, 400 ಹೆಸರು: ಫ್ಲೂ ಲಸಿಕೆ ಮೊದಲು ಯಾರಿಗೆ?

ಪ್ರಶ್ನೆ: ನಾವು ಹುಬ್ಬಳ್ಳಿಯ ಒಂದು ಬಡಾವಣೆಯ ಹಿರಿಯ ನಾಗರಿಕರ ಸಂಘದವರು. ಮಳೆಗಾಲಕ್ಕೆ ಮುಂಚೆ ಒಂದು ಉಚಿತ ಫ್ಲೂ ಲಸಿಕೆ ಶಿಬಿರ ಮಾಡಬೇಕು ಅಂದುಕೊಂಡಿದ್ದೇವೆ. ದಾನಿಯೊಬ್ಬರು 120 ಡೋಸ್ ಕೊಡಿಸಲು ಒಪ್ಪಿದ್ದಾರೆ. ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿದ್ದೇ ತಡ, ನಾಲ್ಕು ದಿನದಲ್ಲಿ 400 ಹೆಸರು ಬಂದಿವೆ. ಮೊದಲು ಬಂದವರಿಗೆ ಮೊದಲು ಕೊಟ್ಟರೆ ಜಗಳವಿಲ್ಲ ಎಂದು ಕೆಲವರು ಹೇಳುತ್ತಾರೆ. 65 ದಾಟಿದವರಿಗೆ ಮಾತ್ರ ಸಾಕು ಎಂದು ಇನ್ನು ಕೆಲವರು. ಅರ್ಧರ್ಧ ಡೋಸ್ ಹಾಕಿದರೆ 240 ಜನಕ್ಕೆ ಆಗುತ್ತದಲ್ಲ ಎಂದೂ ಒಬ್ಬರು ಕೇಳಿದರು. ಏನು ಮಾಡುವುದು?

ಉತ್ತರ: ಅರ್ಧ ಡೋಸಿನ ಮಾತನ್ನು ಮೊದಲು ಮುಗಿಸಿಬಿಡೋಣ. ಬೇಡ. ಕೇಳಿದವರು ದಡ್ಡರೇನಲ್ಲ. ಲಸಿಕೆಗೆ ಬರ ಬಂದಾಗ ಅಮೆರಿಕದ ವೈದ್ಯರೂ ಇದನ್ನೇ ಯೋಚಿಸಿ ಪರೀಕ್ಷೆ ಮಾಡಿ ನೋಡಿದ್ದಾರೆ. ಆರೋಗ್ಯವಾಗಿರುವ, ಅಷ್ಟೇನೂ ವಯಸ್ಸಾಗದ ಮಂದಿಯಲ್ಲಿ ಅರ್ಧ ಡೋಸಿಗೂ ಪರವಾಗಿಲ್ಲ ಅನ್ನುವಷ್ಟು ಫಲ ಸಿಕ್ಕಿತು. ಆದರೆ ನಿಮ್ಮ ಶಿಬಿರ ಅಂಥವರಿಗಲ್ಲವಲ್ಲ! ವಯಸ್ಸಾದ ದೇಹ ಲಸಿಕೆಯನ್ನು ಪಾಠದ ಹಾಗೆ ಕಲಿಯುವುದೇ ನಿಧಾನ. ಅದಕ್ಕೇ ಅಮೆರಿಕದಲ್ಲಿ 65 ದಾಟಿದವರಿಗೆಂದು ಮಾಮೂಲಿಗಿಂತ ನಾಲ್ಕು ಪಟ್ಟು ಪ್ರಮಾಣದ ಲಸಿಕೆ ಮಾಡಿದ್ದಾರೆ. ಅಲ್ಲಿ ಜಾಸ್ತಿ ಕೊಡುವವರಿಗೆ ಇಲ್ಲಿ ನಾವು ಅರ್ಧ ಕೊಟ್ಟರೆ ಅದು ಸಮಾಧಾನಕ್ಕೆ ಚುಚ್ಚಿದ ಹಾಗೆ. ಇನ್ನೊಂದು ಮಾತು. ಈಗ ಸಿಗುವುದು ಬಹುತೇಕ ಒಂದೇ ಡೋಸ್ ತುಂಬಿ ಬಂದಿರುವ ಸಿರಿಂಜ್. ಅದನ್ನು ಇಬ್ಬರಿಗೆ ಹಂಚುವುದು ಅಂದರೆ ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ಆ ಮಾತನ್ನೇ ಎತ್ತಬೇಡಿ.

ಈಗ ‘ಮೊದಲು ಬಂದವರಿಗೆ ಮೊದಲು’. ಕೇಳಲು ಎಷ್ಟು ನ್ಯಾಯ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗ ಒಂದು ಶಿಬಿರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವುದೆಂದು ಬೋರ್ಡು ಹಾಕಿದ್ದೆವು. ಆರೂವರೆಗೇ ಪಾಳಿ ರಸ್ತೆಗೆ ಬಂದಿತ್ತು. ಮುಂದೆ ನಿಂತವರು ಯಾರು ಗೊತ್ತಾ? ವಾಕಿಂಗ್ ಮುಗಿಸಿ, ಕ್ಯಾನ್ವಾಸ್ ಬೂಟು ಹಾಕಿಕೊಂಡೇ ಬಂದಿದ್ದ ಗಟ್ಟಿಮುಟ್ಟಾದ ಯಜಮಾನರು. ಹನ್ನೊಂದು ಗಂಟೆಗೆ ಡಬ್ಬಿ ಖಾಲಿ. ಹನ್ನೊಂದೂಕಾಲಿಗೆ ಒಬ್ಬ ಅಜ್ಜಿ ಆಟೋದಿಂದ ಇಳಿದರು. ಗೇಟಿನಿಂದ ಮೇಜಿನವರೆಗೆ ಮೂವತ್ತು ಹೆಜ್ಜೆ ಇರಬಹುದು, ಅಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಸೆರಗಿನ ತುದಿಯಲ್ಲಿ ದಮ್ಮಿನ ಪಂಪ್ ಗಂಟು ಹಾಕಿಕೊಂಡಿದ್ದರು. “ಮುಗೀತೇನ್ರಿ? ಹೋಗ್ಲಿ ಬಿಡ್ರಿ” ಎಂದು ಅದೇ ಆಟೋ ಹತ್ತಿ ಹೋದರು.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ಪಾಳಿ ಅನ್ನುವುದು ಗಟ್ಟಿ ಇದ್ದವರನ್ನು ಆರಿಸುತ್ತದೆ. ಬೇಗ ಏಳಬಲ್ಲವರು, ಎರಡು ತಾಸು ನಿಲ್ಲಬಲ್ಲವರು, ಸ್ಕೂಟರ್ ಇದ್ದವರು ಮುಂದೆ ಇರುತ್ತಾರೆ. ಲಸಿಕೆ ಬೇಕಾದವರು ಮನೆಯಲ್ಲಿ ಇರುತ್ತಾರೆ. ಯಾರಿಗೆ ಕೊಡಬೇಕು ಅನ್ನುವುದನ್ನು ಗೇಟಿನ ಹತ್ತಿರ ತೀರ್ಮಾನ ಮಾಡುವ ಹಾಗಿದ್ದರೆ ನೀವು ಆಗಲೇ ಸೋತಿರಿ. ಅದು ಹತ್ತು ದಿನ ಮೊದಲೇ ಆಗಿರಬೇಕು, ಕುಳಿತು, ಕಾಗದದ ಮೇಲೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 2004ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಕೈರಾನ್ ಕಂಪನಿಯ ಲಸಿಕೆ ಘಟಕದ ಪರವಾನಗಿಯನ್ನು ಅಲ್ಲಿಯ ಸರ್ಕಾರ ಅಮಾನತು ಮಾಡಿತು. ತಯಾರಿಕೆಯಲ್ಲಿ ಬ್ಯಾಕ್ಟೀರಿಯಾ ಸೇರಿದ್ದೇ ಕಾರಣ. ಅಮೆರಿಕಕ್ಕೆ ಆ ವರ್ಷ ಬರಬೇಕಿದ್ದ ಫ್ಲೂ ಲಸಿಕೆಯಲ್ಲಿ ಹೆಚ್ಚುಕಮ್ಮಿ ಅರ್ಧ ಒಂದೇ ದಿನದಲ್ಲಿ ಇಲ್ಲವಾಯಿತು. ಅಮೆರಿಕದ ಸರ್ಕಾರ ಅದೇ ದಿನ ಯಾರಿಗೆ ಮೊದಲು ಎಂದು ಪಟ್ಟಿ ಮಾಡಿತು: 65 ದಾಟಿದವರು, ಬಹುಕಾಲದ ಕಾಯಿಲೆ ಇರುವವರು, ಬಸುರಿಯರು, ಆರು ತಿಂಗಳು ತುಂಬಿದ ಎರಡು ವರ್ಷದೊಳಗಿನ ಕೂಸುಗಳು, ರೋಗಿಗಳನ್ನು ನೋಡುವ ಸಿಬ್ಬಂದಿ, ಆರು ತಿಂಗಳೊಳಗಿನ ಕೂಸು ಇರುವ ಮನೆಯವರು. ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಕೊಟ್ಟ ರೀತಿ? ಸೂಪರ್ ಮಾರ್ಕೆಟ್ಟುಗಳ ಮುಂದೆ ವಯಸ್ಸಾದವರು ಕೋಲು, ಕುರ್ಚಿ ಹಿಡಿದು ತಾಸುಗಟ್ಟಲೆ ನಿಂತರು. ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್ ಎಂಬ ಊರು ಇದೆಲ್ಲ ಬೇಡ ಎಂದು ಚೀಟಿ ಎತ್ತಿತು. ಇನ್ನೂ ವಿಚಿತ್ರ ಅಂದರೆ, ಡಿಸೆಂಬರ್ ಹೊತ್ತಿಗೆ ಕೆಲವು ಕಡೆ ಲಸಿಕೆ ಮಿಕ್ಕಿತು! ‘ನಮಗೆಲ್ಲಿ ಸಿಗುತ್ತದೆ’ ಎಂದು ಎಷ್ಟೋ ಜನ ಬರುವುದನ್ನೇ ಬಿಟ್ಟಿದ್ದರು. ಆಮೇಲೆ ನಿಯಮ ಸಡಿಲಿಸಿ 50 ದಾಟಿದವರನ್ನೂ ಕರೆಯಬೇಕಾಯಿತು.

ನಮ್ಮದೇ ಅನುಭವ ಬೇಕಾದರೆ 2021 ಇದೆಯಲ್ಲ. ಮಾರ್ಚ್‌ನಲ್ಲಿ ಕೋವಿಡ್ ಲಸಿಕೆ 60 ದಾಟಿದವರಿಗೆ, 45 ದಾಟಿ ಕಾಯಿಲೆ ಇರುವವರಿಗೆ ಎಂದಾಯಿತು. ಕಾಯಿಲೆಗೆ ಡಾಕ್ಟರ ಸಹಿ ಮಾಡಿದ ಸರ್ಟಿಫಿಕೇಟು ಬೇಕು ಎಂದರು. ಲಸಿಕೆಗೆ ಒಂದು ಪಾಳಿ, ಸರ್ಟಿಫಿಕೇಟಿಗೆ ಇನ್ನೊಂದು. ಮೇ ತಿಂಗಳಲ್ಲಿ 18ರಿಂದ 44ರವರಿಗೆ ಶುರು ಮಾಡಿ, ಎರಡೇ ವಾರದಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಎರಡನೇ ಡೋಸಿನವರಿಗೇ ಇರಲಿಲ್ಲ. ಹೇಳುವುದು ಇಷ್ಟೇ: ಇರುವುದಕ್ಕಿಂತ ಜಾಸ್ತಿ ಜನರನ್ನು ಕರೆದರೆ ಕರೆದವರ ಮೇಲೆ ನಂಬಿಕೆ ಹೋಗುತ್ತದೆ. ನೀವು ಈಗಲೇ ಒಂದು ಮೆಸೇಜ್ ಹಾಕಿ: ‘ಹೆಸರು ಬರೆಸಿದ ಮಾತ್ರಕ್ಕೆ ಲಸಿಕೆ ಸಿಗುತ್ತದೆ ಎಂದಲ್ಲ. ಯಾರಿಗೆ ಜಾಸ್ತಿ ಅಪಾಯವೋ ಅವರಿಗೆ ಮೊದಲು.’ ನಾಳೆಗೆ ಬಿಡಬೇಡಿ.

ಇನ್ನು ಮುಖ್ಯ ವಿಷಯ, ಯಾರು ಮೊದಲು?

ಫ್ಲೂ ಲಸಿಕೆ ನಮ್ಮ ಸರ್ಕಾರದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಇಲ್ಲ. ಪೋಲಿಯೊ, ದಡಾರದ ಹಾಗೆ ಎಲ್ಲರಿಗೂ ಪುಕ್ಕಟೆ ಸಿಗುವುದಿಲ್ಲ. ಖಾಸಗಿಯಲ್ಲಿ ಡೋಸಿಗೆ ಒಂದೂವರೆ-ಎರಡು ಸಾವಿರ ರೂಪಾಯಿಯ ಆಸುಪಾಸು. ಆದರೆ ಯಾರಿಗೆ ಹಾಕಿಸಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಅದರ ಪ್ರಕಾರ ಆರೋಗ್ಯ ಸಿಬ್ಬಂದಿ, ಬಸುರಿಯರು, ಮತ್ತೆ ದಮ್ಮು, ಹೃದಯ, ಲಿವರ್, ಕಿಡ್ನಿ, ರಕ್ತದ ಕಾಯಿಲೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಮುಂದೆ. 65 ದಾಟಿದವರಿಗೆ, ಆರು ತಿಂಗಳಿಂದ ಎಂಟು ವರ್ಷದ ಮಕ್ಕಳಿಗೆ ಹಾಕಿಸಿದರೆ ಒಳ್ಳೆಯದು ಎಂಬ ಮಾತಿದೆ. ಆದ್ದರಿಂದ ‘65 ದಾಟಿದವರಿಗೆ ಮಾತ್ರ’ ಅನ್ನುವುದೂ ಸರಿಯಲ್ಲ. 72 ವರ್ಷದ, ದಿನಾ ಉಣಕಲ್ ಕೆರೆ ಸುತ್ತುವ ಒಬ್ಬರಿಗಿಂತ, 48 ವರ್ಷದ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಫ್ಲೂ ಬಂದರೆ ಕಷ್ಟ ಜಾಸ್ತಿ.

ನಾನಾಗಿದ್ದರೆ ಬಸುರಿಯರಿಂದ ಶುರು ಮಾಡುತ್ತೇನೆ. ಸಂಘದವರು ಹುಬ್ಬೇರಿಸಬಹುದು, ‘ಹಿರಿಯ ನಾಗರಿಕರ ಶಿಬಿರದಲ್ಲಿ ಬಸುರಿಯರೇ?’ ಎಂದು. ಕಾರಣ ಕೇಳಿ. ಎಷ್ಟನೇ ತಿಂಗಳಾದರೂ ಈ ಲಸಿಕೆ ಹಾಕಿಸಬಹುದು. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವ ಹಾಗೇ ಇಲ್ಲ. ತಾಯಿಗೆ ಹಾಕಿದ್ದರ ಫಲ ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ಹೋಗುತ್ತದೆ. ಒಂದು ಡೋಸು, ಎರಡು ಜೀವ. 120ರಲ್ಲಿ ಇದಕ್ಕಿಂತ ಲಾಭದ ವ್ಯವಹಾರ ಇನ್ನೊಂದಿಲ್ಲ. 2009ರಲ್ಲಿ ಎಚ್1ಎನ್1 ಬಂದಾಗ, ನಾವು ‘ಹಂದಿ ಜ್ವರ’ ಅಂತಿದ್ದೆವಲ್ಲ, ಅದು ಬಸುರಿಯರನ್ನು ಎಷ್ಟು ಕೆಟ್ಟದಾಗಿ ಕಾಡಿತು ಎಂದು ಆಗ ವಾರ್ಡಿನಲ್ಲಿ ಕೆಲಸ ಮಾಡಿದವರನ್ನು ಕೇಳಿ. ಆ ಜ್ವರ ಈಗ ಹೊಸದೂ ಅಲ್ಲ, ಹೋಗಿಯೂ ಇಲ್ಲ. ಮಾಮೂಲಿ ಫ್ಲೂ ಜತೆ ಸೇರಿ ವರ್ಷವರ್ಷ ಬರುತ್ತದೆ. 2015ರಲ್ಲಿ ದೇಶದಲ್ಲಿ 42,000ಕ್ಕೂ ಹೆಚ್ಚು ಜನಕ್ಕೆ ಬಂದು, ಹತ್ತಿರ ಹತ್ತಿರ 3,000 ಜನ ತೀರಿಕೊಂಡರು. ಈಗಿನ ಲಸಿಕೆಯಲ್ಲಿ ಅದಕ್ಕೂ ಪಾಲಿದೆ.

ಬಸುರಿಯರ ಆಮೇಲೆ ಉಸಿರಿನವರು. ದಮ್ಮು, ಬೀಡಿ-ಒಲೆ ಹೊಗೆಯಿಂದ ಶ್ವಾಸಕೋಶ ಹಾಳಾದವರು, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ವರ್ಷಗಟ್ಟಲೆ ಧೂಳು ಕುಡಿದವರು. ಅವರ ಜತೆಗೇ ಹೃದಯದ ಆಪರೇಷನ್ ಆದವರು, ಡಯಾಲಿಸಿಸ್‌ನವರು, ಕಿಡ್ನಿ ಬದಲಿಸಿಕೊಂಡವರು, ಕೀಮೋ ನಡೆದವರು, ಬಹಳ ದಿನದಿಂದ ಸ್ಟೆರಾಯ್ಡ್ ಗುಳಿಗೆ ತಿನ್ನುವವರು. ಕಳೆದ ಒಂದು ವರ್ಷದಲ್ಲಿ ಉಬ್ಬಸಕ್ಕೆಂದು ದವಾಖಾನೆಯಲ್ಲಿ ಮಲಗಿದವರು ಯಾರಿದ್ದಾರೋ ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ ಇಡಿ. ಅದರ ನಂತರ 65 ದಾಟಿ ಸಕ್ಕರೆ ಕಾಯಿಲೆ ಇರುವವರು. ಆಮೇಲೆ ಉಳಿದ ಹಿರಿಯರು. ಆರೋಗ್ಯವಾಗಿರುವ ಮಕ್ಕಳನ್ನು ಈ ಸಲ ಬಿಟ್ಟುಬಿಡಿ ಎಂದೇ ನನ್ನ ಅಭಿಪ್ರಾಯ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ದಮ್ಮಿರುವ ಮಗು ಬಂದರೆ ಇಲ್ಲ ಅನ್ನಬೇಡಿ, ಆದರೆ ಎರಡು ಡೋಸ್ ಲೆಕ್ಕ ಹಿಡಿದು ಎರಡನೆಯದನ್ನು ಅಂದೇ ಹೆಸರು ಬರೆದು ತೆಗೆದಿಡಿ.

ಒಂದೇ ದರ್ಜೆಯ ಮೂವತ್ತು ಜನ ಇದ್ದು, ಹತ್ತೇ ಡೋಸ್ ಉಳಿದರೆ? ಆಗ ಚೀಟಿ ಎತ್ತಿ. ಸಮಾನರಲ್ಲಿ ಚೀಟಿಗಿಂತ ನ್ಯಾಯ ಇಲ್ಲ. ಆದರೆ ಡಯಾಲಿಸಿಸ್‌ನವರನ್ನೂ ವಾಕಿಂಗ್‌ನವರನ್ನೂ ಒಂದೇ ಡಬ್ಬಿಗೆ ಹಾಕಿ ಎತ್ತಬೇಡಿ.

ಈಗ ನಿಮಗೆ ಸ್ವಲ್ಪ ಬೇಜಾರಾಗುವ ಮಾತು. ನಿಮ್ಮ 400 ಹೆಸರೇ ಸರಿಯಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಪಟ್ಟಿ ಅಂದರೆ ಅದೂ ಒಂದು ಪಾಳಿಯೇ. ಸ್ಮಾರ್ಟ್‌ಫೋನ್ ಇದ್ದವರು, ಮಗ-ಸೊಸೆ ಬೆಂಗಳೂರಿಂದ ಮೆಸೇಜ್ ಫಾರ್ವರ್ಡ್ ಮಾಡಿದವರು ಅದರಲ್ಲಿದ್ದಾರೆ. ಹಿಂದಿನ ಓಣಿಯ ಒಂಟಿ ಅಜ್ಜಿ ಇಲ್ಲ. ನಿಮ್ಮ ಬಡಾವಣೆಯ ಕಸ ಗುಡಿಸುವ ಪೌರಕಾರ್ಮಿಕರ ಮನೆಯವರು ಇಲ್ಲ. ಮನೆಗೆಲಸಕ್ಕೆ ಬರುವ ಅಕ್ಕ ಐದು ತಿಂಗಳ ಬಸುರಿ, ಅವಳ ಹೆಸರು ಖಂಡಿತ ಇಲ್ಲ. ಆದ್ದರಿಂದ ನಿಮ್ಮ ಭಾಗದ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಒಂದು ಚಹಾ ಕೊಟ್ಟು ಕೂರಿಸಿ. ತಾಯಿ ಕಾರ್ಡ್ ಯಾರ ಮನೆಯಲ್ಲಿದೆ, ಬಿಪಿ-ಶುಗರ್ ಗುಳಿಗೆ ಯಾರು ಒಯ್ಯುತ್ತಾರೆ, ಹಾಸಿಗೆ ಹಿಡಿದವರು ಎಲ್ಲಿದ್ದಾರೆ ಎಂದು ಆಕೆಗೆ ಬಾಯಿಪಾಠ. ಹತ್ತಿರದ ನಗರ ಆರೋಗ್ಯ ಕೇಂದ್ರ, ‘ನಮ್ಮ ಕ್ಲಿನಿಕ್’ ವೈದ್ಯರಿಗೂ ತಿಳಿಸಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಒಂದು ಪತ್ರ ಕೊಟ್ಟು ಕೇಳದೆ ಶಿಬಿರ ಮಾಡಬೇಡಿ.

ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಇಲ್ಲಿ ಕೇಳುವ ರೀತಿ ಮುಖ್ಯ. ‘ನಿಮಗೇನಾದರೂ ಕಾಯಿಲೆ ಇದೆಯಾ?’ ಎಂದು ಕೇಳಿದರೆ ನಮ್ಮ ಕಡೆ ಉತ್ತರ ಒಂದೇ: “ಏನಿಲ್ರಿ, ಆರಾಮ ಅದೀನ್ರಿ.” ಕಾಯಿಲೆ ಇದೆ ಅನ್ನುವುದೇ ಒಂದು ಮರ್ಯಾದೆ ಪ್ರಶ್ನೆ. ಅದರ ಬದಲು ‘ದಿನಾ ಯಾವ ಗುಳಿಗೆ ತಗೋತೀರಿ?’ ಎಂದು ಕೇಳಿ. ಒಮ್ಮೆ ಒಬ್ಬ ನಿವೃತ್ತ ಮಾಸ್ತರರು ಹೀಗೇ ‘ಆರಾಮ’ ಅಂದರು. ಗುಳಿಗೆ ಚೀಲ ತೋರಿಸಿ ಅಂದೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸುರುವಿದರು. ಸಕ್ಕರೆಗೆ ಎರಡು ಬಗೆ, ಬಿಪಿಗೆ ಒಂದು, ರಕ್ತ ತೆಳ್ಳಗೆ ಮಾಡುವುದು ಒಂದು, ಜತೆಗೆ ಕರವಸ್ತ್ರದಲ್ಲಿ ಸುತ್ತಿದ ಒಂದು ಪಂಪ್. “ಇದು ಚಳಿಗಾಲಕ್ಕಷ್ಟೇರಿ” ಅಂದರು, ಪಂಪನ್ನು ತಟ್ಟನೆ ಒಳಗೆ ಹಾಕುತ್ತಾ. ಚೀಲಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಇಲ್ಲ. ಗುಳಿಗೆ ಪಟ್ಟಿ, ಡಿಸ್ಚಾರ್ಜ್ ಕಾರ್ಡ್, ಶುಗರ್ ಪುಸ್ತಕ, ತಾಯಿ ಕಾರ್ಡ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಬೇರೆ ಕಾಗದ ಕೇಳಿ ಮತ್ತೊಂದು ಪಾಳಿ ಹಚ್ಚಬೇಡಿ. ಸುಳ್ಳು ಹೇಳಿ ಒಬ್ಬಿಬ್ಬರು ನುಗ್ಗಬಹುದು. ನುಗ್ಗಲಿ ಬಿಡಿ. ಅವರನ್ನು ಹಿಡಿಯಲು ಹೋಗಿ ಇಪ್ಪತ್ತು ಜನ ನಿಜವಾದವರನ್ನು ಓಡಿಸುವುದಕ್ಕಿಂತ ಅದು ವಾಸಿ.

120ನ್ನು ನಾನು ಹೀಗೆ ಒಡೆಯುತ್ತೇನೆ. ಒಬ್ಬ ನರ್ಸ್ ಒಂದು ತಾಸಿಗೆ 12 ಜನಕ್ಕೆ ಹಾಕುತ್ತಾರೆ ಎಂದು ಹಿಡಿಯಿರಿ. ಚುಚ್ಚಲು ಹತ್ತು ಸೆಕೆಂಡು ಸಾಕು, ಅದಕ್ಕೇಕೆ ಐದು ನಿಮಿಷ ಎಂದು ಕೇಳುತ್ತೀರಿ. ಶಿಬಿರದಲ್ಲಿ ಕುಳಿತು ನೋಡಿ. ಅಜ್ಜಂದಿರು ಸ್ವೆಟರ್, ಅಂಗಿ, ಒಳಗೆ ಉಣ್ಣೆ ಬನಿಯನ್ ಬಿಚ್ಚಬೇಕು. ಅಜ್ಜಿಯರ ಕುಪ್ಪಸದ ತೋಳು ಮೇಲೆ ಸರಿಯುವುದಿಲ್ಲ, ಇಲಕಲ್ ಸೀರೆಯ ಸೆರಗು ಸರಿಸಿ ಗುಂಡಿ ಬಿಚ್ಚಬೇಕು, ಅದಕ್ಕೊಂದು ಪರದೆ ಬೇಕು. ಪರದೆ ಇಲ್ಲದಿದ್ದರೆ ಸೂಜಿ ಭುಜದ ಸ್ನಾಯು ಬಿಟ್ಟು ಇನ್ನೆಲ್ಲೋ ಹೋಗುತ್ತದೆ, ಇಲ್ಲವೇ ಅವರು ಎದ್ದು ಹೋಗುತ್ತಾರೆ. ಬೆಳಿಗ್ಗೆ 9ರಿಂದ 1 ಅಂದರೆ 48 ಜನ. ಎರಡು ಬೆಳಿಗ್ಗೆ ಮಾಡಿದರೆ 96. ಉಳಿದ 24ರಲ್ಲಿ 12 ಡೋಸ್ ಮನೆ ಬಿಟ್ಟು ಬರಲಾಗದವರಿಗೆ. 4 ಲಸಿಕೆ ಹಾಕುವ ನರ್ಸ್ ಮತ್ತು ಆಶಾ ಅಕ್ಕಂದಿರಿಗೆ. ಇದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಹೇಳಿ: ಮನೆ ಮನೆ ತಿರುಗುವವರಿಗೆ ಫ್ಲೂ ಬಂದರೆ ಅದೂ ಮನೆ ಮನೆ ತಿರುಗುತ್ತದೆ. ಕೊನೆಯ 8 ಕೈಯಲ್ಲಿರಲಿ, ಮಕ್ಕಳ ಎರಡನೇ ಡೋಸಿಗೆ, ತಡವಾಗಿ ಗೊತ್ತಾದ ಬಸುರಿಗೆ.

ಪ್ರತಿಯೊಬ್ಬರಿಗೂ ಚೀಟಿಯಲ್ಲಿ ತಾಸು ಬರೆದು ಕೊಡಿ. ‘10ರಿಂದ 11, ಮೊದಲೇ ಬಂದರೂ ಮೊದಲು ಇಲ್ಲ, ಅರ್ಧ ತಾಸು ತಡವಾದರೂ ನಿಮ್ಮದು ನಿಮಗೇ ಇದೆ.’ ಈ ಒಂದು ವಾಕ್ಯ ಪಾಳಿಯನ್ನು ಕೊಲ್ಲುತ್ತದೆ. ತನ್ನ ಡೋಸ್ ಎತ್ತಿಟ್ಟಿದ್ದಾರೆ ಎಂದು ಗೊತ್ತಾದರೆ ಯಾರೂ ಆರು ಗಂಟೆಗೆ ಬರುವುದಿಲ್ಲ. ಹಾಕಿಸಿಕೊಂಡ ಮೇಲೆ ಅರ್ಧ ತಾಸು ಕುಳಿತುಕೊಳ್ಳಬೇಕು. ಹಾಗಾಗಿ ಒಂದೇ ಹೊತ್ತಿಗೆ ಆರು ಜನ ಮುಗಿದವರು, ಅಷ್ಟೇ ಜನ ಕಾಯುವವರು, ಜತೆಗೆ ಬಂದ ಮಗಳು-ಮೊಮ್ಮಗ, ಎಲ್ಲ ಸೇರಿ 25 ಕುರ್ಚಿ ಸಾಕು. ಜಾಗ ನೆಲಮಹಡಿಯಲ್ಲಿರಲಿ. ಕಲ್ಯಾಣ ಮಂಟಪ ಪುಕ್ಕಟೆ ಸಿಕ್ಕಿತೆಂದು ಮೊದಲ ಮಹಡಿಯ ಹಾಲ್ ತೆಗೆದುಕೊಳ್ಳಬೇಡಿ, ಮೊಣಕಾಲು ನೋವಿನವರು ಕೆಳಗೇ ಉಳಿಯುತ್ತಾರೆ. ದವಾಖಾನೆಯ ಓಪಿಡಿ ಪಕ್ಕದ ಕೋಣೆಯೂ ಬೇಡ. ಕೆಮ್ಮುವವರ ನಡುವೆ ಫ್ಲೂ ಲಸಿಕೆಗೆ ಕಾಯಿಸುವುದು ಒಂಥರಾ ತಮಾಷೆ.

ಡಾಕ್ಟರೊಬ್ಬರು ಪೂರ್ತಿ ಹೊತ್ತು ಅಲ್ಲೇ ಇರಬೇಕು, ಅಲರ್ಜಿ ತೀವ್ರವಾದರೆ ಕೊಡುವ ಅಡ್ರಿನಲಿನ್ ಕೈಗೆಟುಕುವ ಹಾಗಿರಬೇಕು. ಹಾಗಾಗುವುದು ತೀರಾ ಅಪರೂಪ, ಆದರೆ ಆಯಿತೆಂದರೆ ನಿಮಿಷಗಳ ಆಟ. ಬಳಸಿದ ಸಿರಿಂಜುಗಳು ಸೂಜಿ ಸಮೇತ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು, ಕಸದ ಗಾಡಿಗಲ್ಲ.

ತಂಪಿನ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನೇ ಪೆಟ್ಟು ತಿಂದಿದ್ದೇನೆ. ಈ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಯಾದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಶಿಬಿರದಲ್ಲಿ ಉತ್ಸಾಹಿ ಹುಡುಗನೊಬ್ಬ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ಹಾಗೇ ಕ್ಯಾರಿಯರ್‌ಗೆ ತುಂಬಿ, ಅದಕ್ಕೆ ಅಂಟಿಸಿ ಡಬ್ಬಿಗಳನ್ನು ಇಟ್ಟಿದ್ದ. ‘ಮಸ್ತ್ ತಂಪದಾವ್ರಿ ಸರ್’ ಎಂದು ಹೆಮ್ಮೆಯಿಂದ ತೋರಿಸಿದ. ಗೋಡೆಗೆ ಹತ್ತಿದ್ದ ಸಿರಿಂಜುಗಳೆಲ್ಲ ಗಟ್ಟಿಯಾಗಿದ್ದವು. ಕರಗಿದ ಮೇಲೆ ನೋಡಲು ಏನೂ ಆಗದ ಹಾಗೇ ಕಾಣುತ್ತವೆ, ಅದೇ ಮೋಸ. ನಲವತ್ತು ಡೋಸ್ ಎಸೆದೆವು. ತಪ್ಪು ಹುಡುಗನದಲ್ಲ, ಹೇಳಿಕೊಡದೆ ಇದ್ದ ನನ್ನದು. ಐಸ್ ಪ್ಯಾಕನ್ನು ಹೊರಗೆ ಇಟ್ಟು ಮೈ ಬೆವರುವ ತನಕ ಕಾಯಬೇಕು. ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಒಳಗೆ ನೀರಿನ ಸಪ್ಪಳ ಬರಬೇಕು. ಆಮೇಲೆ ತುಂಬಿ, ಒಂದು ಥರ್ಮಾಮೀಟರ್ ಹಾಕಿ. ಹಿಂದಿನ ರಾತ್ರಿ ಅಧ್ಯಕ್ಷರ ಮನೆ ಫ್ರಿಜ್ಜಿನಲ್ಲಿ ಇಡುವ ಯೋಚನೆ ಇದ್ದರೆ ಕೈಬಿಡಿ. ಕರೆಂಟ್ ಹೋಗುವುದು ಒಂದು ಕಡೆ, ಹಾಲು ತೆಗೆಯಲು ಬಾಗಿಲು ಹತ್ತು ಸಲ ತೆರೆಯುವುದು ಇನ್ನೊಂದು ಕಡೆ. ಸರಿಯಾದ ಫ್ರಿಜ್ ಇರುವ ವಿತರಕರಲ್ಲೇ ಇರಲಿ, ಅಂದಂದಿನದನ್ನು ಅಂದಂದೇ ತನ್ನಿ.

ದಾನಿಗಳಿಗೂ ಒಂದು ಮಾತು ಹೇಳಿ, ನಯವಾಗಿ. ಫ್ಲೂ ವೈರಸ್ ವೇಷ ಬದಲಿಸುತ್ತಿರುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯ ಪಾಕ ಬದಲಿಸಿ ಹೇಳುತ್ತದೆ. ಉತ್ತರ ಗೋಳಾರ್ಧದ್ದು ಫೆಬ್ರವರಿಯಲ್ಲಿ, ದಕ್ಷಿಣ ಗೋಳಾರ್ಧದ್ದು ಸೆಪ್ಟೆಂಬರ್‌ನಲ್ಲಿ. ನಾವು ಭೂಪಟದಲ್ಲಿ ಉತ್ತರದವರಾದರೂ ನಮ್ಮ ಫ್ಲೂ ಮಳೆಯ ಜತೆ ಬರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಜೋರು, ಜನವರಿ-ಮಾರ್ಚ್‌ನಲ್ಲಿ ಇನ್ನೊಂದು ಅಲೆ. ಹಾಗಾಗಿ ಬೇಸಿಗೆ ಕೊನೆಗೆ ಪೇಟೆಗೆ ಬರುವ ದಕ್ಷಿಣ ಗೋಳಾರ್ಧದ ಹೊಸ ಲಸಿಕೆ ನಮಗೆ ಸರಿ. ಆ ಹೊತ್ತಿಗೆ ಹಳೆಯ ಸ್ಟಾಕು ಅವಧಿ ಮುಗಿಯಲು ಬಂದಿರುತ್ತದೆ, ರಿಯಾಯಿತಿಯಲ್ಲಿ ಸಿಗುತ್ತದೆ. ‘ಅದೇ ದುಡ್ಡಿಗೆ 200 ಡೋಸ್ ಕೊಡ್ತಾರಂತೆ’ ಎಂದು ಯಾರಾದರೂ ಬಂದರೆ ಡಬ್ಬಿಯ ಮೇಲಿನ ವರ್ಷ, ಗೋಳಾರ್ಧ, ಅವಧಿ ಮೂರನ್ನೂ ಓದಿ. ನಾಲ್ಕು ತಳಿಯದೋ ಮೂರು ತಳಿಯದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಬಿ-ಯಮಗಾಟಾ ಎಂಬ ನಾಲ್ಕನೆಯ ತಳಿ 2020ರ ಮಾರ್ಚ್ ನಂತರ ಲೋಕದಲ್ಲಿ ಕಂಡೇ ಇಲ್ಲ.

ದಿನಾಂಕ? ರೋಹಿಣಿ ಮಳೆ ಬೀಳುವ ಹೊತ್ತಿಗೆ ಮುಗಿಸಿಬಿಡಿ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಮಿರಗ ಮಳೆ ಹೊತ್ತಿಗೆ ಸಿದ್ಧರಾಗಿರುತ್ತಾರೆ.

ಶಿಬಿರದ ದಿನ ಮೇಜಿನ ಮುಂದೆ ಬರುವ ಪ್ರಶ್ನೆಗಳಲ್ಲಿ ಒಂದು ನಮ್ಮ ಕಡೆ ವಿಶೇಷ: “ಇದರಾಗ ತತ್ತಿ ಇರತೈತೇನ್ರಿ?” ಬಹಳ ಜನ ಸ್ವಯಂಸೇವಕರು ‘ಇಲ್ಲಜ್ಜಿ, ಏನಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಬಹುತೇಕ ಫ್ಲೂ ಲಸಿಕೆಗೆ ವೈರಸ್ಸನ್ನು ಕೋಳಿ ಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆಮೇಲೆ ಶುದ್ಧ ಮಾಡುತ್ತಾರೆ, ಲೇಶಮಾತ್ರ ಉಳಿಯಬಹುದು. ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಹೇಳಿದಾಗ ಹತ್ತರಲ್ಲಿ ಒಂಬತ್ತು ಜನ ‘ಔಷಧಿ ಅಂದ್ಮ್ಯಾಲ ನಡೀತೈತ್ರಿ’ ಎಂದು ತೋಳು ಕೊಟ್ಟಿದ್ದಾರೆ. ಒಬ್ಬರು ಬೇಡ ಅಂದರೆ ಅದು ಅವರಿಷ್ಟ, ಆ ಡೋಸ್ ಮುಂದಿನವರಿಗೆ. ಮೊಟ್ಟೆಯ ಅಲರ್ಜಿ ಇದ್ದವರಿಗೂ ಈಗ ಈ ಲಸಿಕೆ ಬೇಡ ಅನ್ನುವುದಿಲ್ಲ, ಡಾಕ್ಟರ್ ಇದ್ದಲ್ಲಿ ಹಾಕಿಸಿಕೊಂಡರಾಯಿತು. ಹಿಂದೆ ಇದೇ ಲಸಿಕೆಗೆ ತೀವ್ರ ಅಲರ್ಜಿ ಆದವರಿಗೆ ಬೇಡ. ಹಾಕಿಸಿಕೊಂಡ ಆರು ವಾರದೊಳಗೆ ಕೈಕಾಲು ಸೋಲುವ ಜಿಬಿಎಸ್ ಬಂದಿದ್ದವರೂ ಸಾಮಾನ್ಯವಾಗಿ ಬಿಡುವುದು ಒಳ್ಳೆಯದು, ತಮ್ಮ ಡಾಕ್ಟರನ್ನು ಕೇಳಲಿ. ಜ್ವರ ಜೋರಿದ್ದರೆ ಇಳಿದ ಮೇಲೆ ಬರಲಿ. ರಕ್ತ ತೆಳ್ಳಗೆ ಮಾಡುವ ಗುಳಿಗೆ ತಿನ್ನುವವರು ಹಾಕಿಸಿಕೊಳ್ಳಬಹುದು. ಆ ಜಾಗವನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು, ತಿಕ್ಕಬಾರದು.

‘ಇದನ್ನು ಹಾಕಿಸಿದರೆ ನೆಗಡಿ ಬರೋದಿಲ್ಲ ಅಲ್ವಾ?’ ಅನ್ನುವವರಿಗೂ ನಿಜ ಹೇಳಿ. ನೆಗಡಿ ಬರುತ್ತದೆ, ಅದರ ವೈರಸ್ಸುಗಳೇ ಬೇರೆ. ಆ ವರ್ಷದ ವೈರಸ್ಸಿಗೆ ಲಸಿಕೆ ಚೆನ್ನಾಗಿ ಹೊಂದಿದರೂ ಫ್ಲೂ ಸಾಧ್ಯತೆ ನೂರಕ್ಕೆ 40ರಿಂದ 60ರಷ್ಟು ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ವಯಸ್ಸಾದವರಲ್ಲಿ ಇನ್ನೂ ಕಮ್ಮಿ. ಆದರೆ ದಮ್ಮಿನ ಅಜ್ಜಿಗೆ ಫ್ಲೂ ಬಂದರೂ ಐಸಿಯು ತನಕ ಹೋಗದಿರುವ ಸಾಧ್ಯತೆ ಜಾಸ್ತಿ. ನಾವು ಕೊಡುತ್ತಿರುವುದು ಅದನ್ನು.

ಹಾಸಿಗೆ ಹಿಡಿದವರ ಮನೆಗೆ ಹೋದಾಗ ಒಂದು ವಿಷಯ ನೆನಪಿರಲಿ. ತೀರಾ ಕೃಶವಾದವರಲ್ಲಿ, ಕೀಮೋ ನಡೆದವರಲ್ಲಿ ಲಸಿಕೆ ಅಷ್ಟಾಗಿ ಹತ್ತುವುದಿಲ್ಲ. ಅವರಿಗೂ ಹಾಕಿ, ಕೈಯಲ್ಲಿ ಉಳಿದಿದ್ದರೆ ಅವರಿಗೆ ಗಂಜಿ ಕುಡಿಸುವ ಸೊಸೆಗೂ ಹಾಕಿ. ಸಂತೆಗೆ, ಶಾಲೆಗೆ ಹೋಗಿ ಬಂದು ಮನೆಗೆ ವೈರಸ್ ತರುವವರು ಹೊರಗೆ ತಿರುಗುವವರೇ ತಾನೆ.

ಶಿಫಾರಸಿನ ಕಾಟ ಬರುತ್ತದೆ. ‘ಸಾಹೇಬರ ಕಡೆಯವರು ನಾಲ್ಕು ಜನ’ ಎಂದು ಫೋನ್ ಬಂದೇ ಬರುತ್ತದೆ. ದಾನಿಯ ಬೀಗರೂ ಬರಬಹುದು, ನಿಮ್ಮ ಕಮಿಟಿಯವರ ಹೆಂಡಂದಿರೂ. ಇದಕ್ಕೆ ಒಂದೇ ಮದ್ದು. ಯಾವ ದರ್ಜೆಯವರಿಗೆ ಮೊದಲು ಎಂಬ ಕಾಗದವನ್ನು ವಾರ ಮೊದಲೇ ಗುಡಿಯ ಗೋಡೆಗೆ, ಕಿರಾಣಿ ಅಂಗಡಿಗೆ ಅಂಟಿಸಿಬಿಡಿ. ಹೆಸರು ಹಾಕಬೇಡಿ, ಯಾರ ಕಾಯಿಲೆ ಏನೆಂದು ಓಣಿಗೆಲ್ಲ ತಿಳಿಯಬಾರದು, ದರ್ಜೆ ಮಾತ್ರ. ಆಮೇಲೆ ‘ನನ್ನ ಕೈಯಲ್ಲಿ ಏನಿಲ್ರಿ, ಗ್ವಾಡಿ ಮ್ಯಾಲ ಹಚ್ಚೀವಿ’ ಅನ್ನಬಹುದು. ಗೋಡೆಗೆ ಯಾರೂ ವಶೀಲಿ ಹಚ್ಚುವುದಿಲ್ಲ.

ಸಿಗದ 280ಕ್ಕೂ ಹೆಚ್ಚು ಜನಕ್ಕೆ ಬರೀ ‘ಸಾರಿ’ ಅಂದು ಫೋನ್ ಇಡಬೇಡಿ. ಹಣ ಇರುವವರಿಗೆ ಎಲ್ಲಿ ಹಾಕಿಸಿಕೊಳ್ಳಬಹುದು ಎಂದು ಹೇಳಿ. ಅವರಲ್ಲಿ ಸಾಕಷ್ಟು ಜನ ಹಾಕಿಸಿಕೊಳ್ಳುತ್ತಾರೆ, ಪುಕ್ಕಟೆ ಇತ್ತೆಂದು ಇಲ್ಲಿ ಹೆಸರು ಬರೆಸಿದ್ದರು ಅಷ್ಟೇ. ಉಳಿದವರಿಗೆ ಒಂದು ಚೀಟಿ ಮಾಡಿ ಕೊಡಿ: ಮಳೆಗಾಲದಲ್ಲಿ ಜ್ವರ, ಮೈಕೈ ನೋವು, ಕೆಮ್ಮು ಒಟ್ಟಿಗೆ ಬಂದರೆ ಮೂರು ದಿನ ಕಷಾಯ ಕುಡಿದು ನೋಡೋಣ ಅನ್ನಬೇಡಿ. ಕಾಯಿಲೆಯವರಿಗೆ, ಹಿರಿಯರಿಗೆ, ಬಸುರಿಯರಿಗೆ ಒಸೆಲ್ಟಾಮಿವಿರ್ ಎಂಬ ಗುಳಿಗೆ ಇದೆ, ಅದು 48 ತಾಸಿನೊಳಗೆ ಶುರುವಾದರೆ ಜಾಸ್ತಿ ಉಪಯೋಗ. ಬೇಕೋ ಬೇಡವೋ ಎಂದು ಡಾಕ್ಟರ್ ಹೇಳುತ್ತಾರೆ, ಆದರೆ ಮೊದಲನೇ ದಿನವೇ ಹೋಗಬೇಕು. ಉಸಿರು ಕಟ್ಟಿದರೆ, ಎದೆ ನೋವಾದರೆ, ಮಂಪರು ಬಂದರೆ ಚೀಟಿ ಓದುತ್ತಾ ಕೂರದೆ ನೇರ ಜನ ಕಿಮ್ಸ್ ಅನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೋ ಧಾರವಾಡದ ಜಿಲ್ಲಾ ಆಸ್ಪತ್ರೆಗೋ.

ಲಸಿಕೆಗೆ ತಾಸು ಬರೆದ ಚೀಟಿ ಪಡೆದವರಲ್ಲಿ ನಾಲ್ಕಾರು ಜನ ಬರದೇ ಇರಬಹುದು. ಗಾಬರಿ ಬೇಡ. ಕೋವಿಡ್ ಲಸಿಕೆಯ ಹತ್ತು ಡೋಸಿನ ಬಾಟಲಿಯ ಹಾಗೆ, ತೆರೆದ ನಾಲ್ಕು ತಾಸಿನಲ್ಲಿ ಮುಗಿಸಬೇಕು ಎಂಬ ಒತ್ತಡ ಇಲ್ಲಿಲ್ಲ. ಒಂಟಿ ಸಿರಿಂಜು ತಂಪಿನಲ್ಲಿದ್ದರೆ ನಾಳೆಗೂ ಆಗುತ್ತದೆ. ಸಂಜೆ ಉಳಿಯಿತೆಂದು ದಾರಿಯಲ್ಲಿ ಹೋಗುವವರನ್ನು ಕರೆದು ಚುಚ್ಚಬೇಡಿ. ಬರದವರಿಗೆ ಫೋನ್ ಮಾಡಿ, ಯಾಕೆ ಬರಲಿಲ್ಲ ಕೇಳಿ. ನೂರಕ್ಕೆ ತೊಂಬತ್ತು ಸಲ ಉತ್ತರ ‘ಕರಕೊಂಡ್ ಬರೋರು ಇರಲಿಲ್ರಿ’ ಎಂದಿರುತ್ತದೆ. ಹಾಗಿದ್ದರೆ ಅವರ ಹೆಸರನ್ನು ಮನೆಗೆ ಹೋಗುವ ಪಟ್ಟಿಗೆ ಸೇರಿಸಿ. ಆಟೋಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನನ್ನು ಎರಡು ಬೆಳಿಗ್ಗೆಗೆ ಗೊತ್ತು ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಬ್ಯಾನರ್‌ಗೆ ಹಾಕುವ ದುಡ್ಡು ಅದಕ್ಕಾಗುತ್ತದೆ.

ಫ್ಲೂ ಲಸಿಕೆ ವರ್ಷವರ್ಷ ಬೇಕು. ಹಾಗಾಗಿ ಈ ಸಲ ಫೋನ್ ಮಾಡಿ ಬರೆದುಕೊಂಡ ರಿಜಿಸ್ಟರನ್ನು ಶಿಬಿರ ಮುಗಿದ ಮೇಲೆ ರದ್ದಿಗೆ ಹಾಕಬೇಡಿ, ಬೀಗ ಹಾಕಿ ಇಡಿ. ಮುಂದಿನ ಯುಗಾದಿ ಮುಗಿದ ವಾರ ಅದನ್ನು ತೆಗೆದು, ಕೆಂಪು ಚುಕ್ಕೆಯವರಿಂದ ಫೋನ್ ಶುರು ಮಾಡಿ.